ಬೇಳೆ ಸಾರು ಫ್ರೀಜ್ ಡ್ರೈ ಆಗ್ತಿಲ್ಲ, ನಡುವೆ ಚಿಗಳಿ ಥರ ಅಂಟು. ಮೂರನೇ ಬ್ಯಾಚೂ ಹಾಳು

ಹುಳಿಸಾರು_88 · ಭಾನುವಾರ, ರಾತ್ರಿ 9:12
ಮೂರನೇ ಬ್ಯಾಚು ಸಾರ್, ಮೂರನೇದು. ಊಟವನ್ನ ಹೆಪ್ಪುಗಟ್ಟಿಸಿ, ಗಾಳಿ ಎಳೆದು ಒಣಗಿಸೋ ಮನೆ ಮಷೀನು ಇದು, 38 ಗಂಟೆ ಓಡಿ ‘ಮುಗಿಯಿತು’ ಅಂತ ಬೀಪ್ ಹೊಡೀತು. ಬಾಗಿಲು ತೆಗೆದ್ರೆ ತಟ್ಟೆಯ ಅಂಚೆಲ್ಲ ಹಪ್ಪಳದ ಹಾಗೆ ಗರಿಗರಿ, ನಡುವೆ ಮಾತ್ರ ಹುಣಸೆ ಚಿಗಳಿ. ಬೆರಳಿಟ್ರೆ ಅಂಟಿಕೊಂಡೇ ಎದ್ದು ಬರುತ್ತೆ. ಮೇಲಿನ ತಟ್ಟೆಯದು ಉಕ್ಕಿ ಚೇಂಬರಿನ ಒಳಮೈಗೆಲ್ಲ ಸಿಡಿದಿದೆ. ಮೀಡಿಯಂ ಮಷೀನು, ನಾಲ್ಕು ತಟ್ಟೆ, ಗಾಳಿ ಎಳೆಯೋಕೆ ಆಯಿಲ್ ಪಂಪು. ಸೇಬು, ಜೋಳ ಎಲ್ಲ ಚೆನ್ನಾಗೇ ಬಂದಿದ್ವು. ಇದು ಮಾಮೂಲಿ ಬೇಳೆ ಸಾರು, ವಿಶೇಷ ಏನೂ ಇಲ್ಲ. ಏನ್ ಮಾಡ್ಲಿ?

ಪಂಪ್_ಗೌಡ · ರಾತ್ರಿ 9:20
ಪಂಪು. ಕಣ್ಮುಚ್ಚಿ ಹೇಳ್ತೀನಿ, ಪಂಪು. ಆಯಿಲ್ ಯಾವ ಬಣ್ಣ ಇದೆ? ಒಣಗುವಾಗ ಒಳಗಿನ ಒತ್ತಡ ಎಷ್ಟು ಮಿಲಿಟಾರ್ (ಟಾರಿನ ಸಾವಿರದಲ್ಲೊಂದು ಪಾಲು) ತೋರಿಸ್ತಿತ್ತು?

ಹುಳಿಸಾರು_88 · ರಾತ್ರಿ 9:31
480ರ ಆಸುಪಾಸು. ಆಯಿಲ್ ಸ್ವಲ್ಪ ಮಂಕಾಗಿದೆ.

ಪಂಪ್_ಗೌಡ · ರಾತ್ರಿ 9:38
ನೋಡಿ, ಅಲ್ಲೇ ಸಿಕ್ತು. ಮಂಕು ಅಂದ್ರೆ ನೀರಾವಿ ಆಯಿಲ್‌ಗೆ ಸೇರಿದೆ. ಇನ್ನೆರಡು ಬ್ಯಾಚಿಗೆ ಮಜ್ಜಿಗೆ ಥರ ಆಗುತ್ತೆ, ಆಮೇಲೆ ಪಂಪು ಒಳಗಿಂದ ತುಕ್ಕು. ಪಂಪಿನೊಳಗೆ ಸ್ವಲ್ಪ ಗಾಳಿ ಬಿಟ್ಟು ನೀರಾವಿ ಹೊರಗೆ ಹಾಕೋ ಗ್ಯಾಸ್ ಬ್ಯಾಲಸ್ಟ್ ತಿರುಪು ತೆಗೆದು 20 ನಿಮಿಷ ಓಡ್ಸಿ, ಆಯಿಲ್ ಬಿಸಿ ಇರುವಾಗ್ಲೇ ಕೆಳಗಿನ ಬಿರಡೆ ತೆಗೆದು ಪೂರ್ತಿ ಬಸೀರಿ. ಪಂಪನ್ನ ಮುಂದಕ್ಕೆ ಸ್ವಲ್ಪ ಓರೆ ಮಾಡಿದ್ರೆ ತಳದ ಗಷ್ಟೂ ಬರುತ್ತೆ. ಹೊಸ ಆಯಿಲ್ ಗಾಜಿನ ಕಿಂಡಿಯ ಎರಡು ಗೆರೆಗಳ ನಡುವೆ ನಿಲ್ಲಬೇಕು, ಮೇಲೆ ಹೋದ್ರೆ ಹೊಗೆ ಕಕ್ಕುತ್ತೆ. ಬ್ಯಾಲಸ್ಟ್ ಮುಚ್ಚೋದು ಮರೀಬೇಡಿ, ಮರೆತ್ರೆ ಬೇಕಾದಷ್ಟು ವ್ಯಾಕ್ಯೂಮ್ ಬರಲ್ಲ.

ಡೆನ್ವರ್_ಡಬ್ಬಿ · ರಾತ್ರಿ 10:05
ಊರು ಯಾವುದು? ನಮ್ಮ ಹಾಗೆ ಎತ್ತರದಲ್ಲಿದ್ರೆ ಮಷೀನು ಬೇರೆ ಥರ ವರ್ತಿಸುತ್ತೆ. ಕೊಲರಾಡೊದ ಡೆನ್ವರ್ 1,600 ಮೀಟರ್, ಗಾಳಿ ತೆಳು. ಸೆಟ್ಟಿಂಗ್ ಬದಲಾಯಿಸಬೇಕು.

ಭಟ್ರ_ಬೀಕರ್ · ರಾತ್ರಿ 10:19
ಯಾವ ಸೆಟ್ಟಿಂಗ್, ಸ್ವಾಮಿ? ಸೆನ್ಸರ್ ಅಳೆಯುವುದು ಚೇಂಬರಿನೊಳಗಿನ ನೇರ ಒತ್ತಡವನ್ನು, ಹೊರಗಿನದಕ್ಕೆ ಹೋಲಿಸಿ ಅಲ್ಲ. ಗಾಳಿಯ ಒತ್ತಡ ಸಮುದ್ರಮಟ್ಟದಲ್ಲಿ 760 ಟಾರ್, ನಿಮ್ಮಲ್ಲಿ ಸುಮಾರು 630. ಪಂಪು ಇಳಿಯಬೇಕಾದದ್ದು ಅರ್ಧ ಟಾರಿಗೆ. ಮೊದಲ 130 ಟಾರ್ ಇಳಿಸುವುದು ಪಂಪಿಗೆ ಲೆಕ್ಕವೇ ಅಲ್ಲ. ಮಂಜು ನೀರಾಗದೆ ನೇರ ಆವಿಯಾಗಬೇಕಾದರೆ 4.58 ಟಾರಿಗಿಂತ ಕೆಳಗಿರಬೇಕು, ಅದು ಡೆನ್ವರಿನಲ್ಲೂ ಅಷ್ಟೇ, ಮಂಗಳೂರಿನಲ್ಲೂ ಅಷ್ಟೇ.

ಡೆನ್ವರ್_ಡಬ್ಬಿ · ರಾತ್ರಿ 10:26
ಸಾರು ಕುದಿಯೋದು ಇಲ್ಲಿ 95 ಡಿಗ್ರಿಗೇ ಗೊತ್ತಾ?

ಭಟ್ರ_ಬೀಕರ್ · ರಾತ್ರಿ 10:28
ಒಲೆಯ ಮೇಲೆ. ಚೇಂಬರಿನೊಳಗೆ ಅಲ್ಲ.

ಹುಳಿಸಾರು_88 · ಮಂಗಳವಾರ, ಬೆಳಿಗ್ಗೆ 6:50
ಊರು ನ್ಯೂಜೆರ್ಸಿ, ಎತ್ತರದ ಮಾತೇ ಬೇಡ. ಗೌಡ್ರು ಹೇಳಿದ ಹಾಗೆ ಆಯಿಲ್ ಬದಲಾಯಿಸಿ ಒಂದೇ ತಟ್ಟೆ ಸಾರು ಇಟ್ಟು ನೋಡಿದೆ. ಈಗ ಆಯಿಲ್ ಎಳ್ಳೆಣ್ಣೆ ಥರ ತಿಳಿಯಾಗಿದೆ. ನಡುವೆ ಮತ್ತೆ ಅಂಟು!! ಸಿಡಿದದ್ದೂ ಹಾಗೇ.

ಪಂಪ್_ಗೌಡ · ಬೆಳಿಗ್ಗೆ 7:15
ಹಂಗಾದ್ರೆ ಲೀಕು. ಚೇಂಬರ್ ಪೂರ್ತಿ ಒಣಗಿಸಿ, ಬಟ್ಟೆಲಿ ಒರೆಸಿ, ಖಾಲಿ ಓಡ್ಸಿ. ನೀರು ಬಸಿಯೋ ಕೊಳವೆಯ ವಾಲ್ವ್ ಮುಚ್ಚಿದೆಯಾ ನೋಡಿ, ಹತ್ತರಲ್ಲಿ ಆರು ಜನ ಮರೆಯೋದು ಅದನ್ನೇ. ಬಾಗಿಲ ರಬ್ಬರಿನಲ್ಲಿ ಒಂದು ಕೂದಲು, ಒಂದು ಸಾಸಿವೆ ಕಾಳು ಸಿಕ್ಕಿಕೊಂಡ್ರೂ ಸಾಕು. ಬಾಗಿಲು ಮುಚ್ಚಿದಾಗ ರಬ್ಬರು ಒತ್ತಿದ ಗುರುತು ಸುತ್ತಲೂ ಒಂದೇ ಸಮ ಕಾಣ್ಬೇಕು. ಅರ್ಧ ಗಂಟೆಯೊಳಗೆ 500ಕ್ಕಿಂತ ಕೆಳಗೆ ಬರಬೇಕು.

ಹುಳಿಸಾರು_88 · ಸಂಜೆ 6:40
20 ನಿಮಿಷಕ್ಕೆ 210.

ಪಂಪ್_ಗೌಡ · ಸಂಜೆ 6:44
ಪಂಪಿನ ಹೋಸ್ ನೋಡಿ. ಬಿಸಿ ಆದ್ಮೇಲೆ ಸಡಿಲ ಆಗುತ್ತೆ ಕೆಲವು.

ಸ್ಕ್ರೋಲ್_ಸ್ವಾಮಿ · ಸಂಜೆ 7:30
ಇದಕ್ಕೇ ಆಯಿಲ್ ಪಂಪಿನ ಸಹವಾಸ ಬೇಡ ಅನ್ನೋದು. ನಂದು ಆಯಿಲ್ ಇಲ್ಲದ ಸ್ಕ್ರೋಲ್ ಪಂಪು, ಅದಕ್ಕೆ ಬೇರೆಯದೇ 20 ಆಂಪ್ ಲೈನು, ಕೆಳಗೆ ಚಕ್ರ ಹಾಕಿದ ಸ್ಟೀಲ್ ಟೇಬಲ್ಲು, ಪಕ್ಕದಲ್ಲಿ ತಟ್ಟೆ ಫ್ರೀಜ್ ಮಾಡೋಕೇ ಅಂತ ಒಂದು ಚೆಸ್ಟ್ ಫ್ರೀಜರ್. ಎರಡು ಸೆಟ್ ತಟ್ಟೆ, ಒಂದು ಒಳಗಿದ್ರೆ ಇನ್ನೊಂದು ಫ್ರೀಜರಲ್ಲಿ. ಗ್ಯಾರೇಜ್ ಛಾವಣಿಗೆ ಸೋಲಾರ್.

ಡೆನ್ವರ್_ಡಬ್ಬಿ · ಸಂಜೆ 7:41
ಬೆಲೆ?

ಸ್ಕ್ರೋಲ್_ಸ್ವಾಮಿ · ಸಂಜೆ 7:43
ಪಂಪಿನದು ಮಾತ್ರ ಕೇಳ್ಬೇಡಿ.

ಒಗ್ಗರಣೆ_ಅಕ್ಕ · ರಾತ್ರಿ 8:55
ಎರಡು ದಿನದಿಂದ ಎಲ್ಲರೂ ಪಂಪಿನ ಸುತ್ತ ಪ್ರದಕ್ಷಿಣೆ ಹಾಕ್ತಿದ್ದೀರಿ. ಅದೇ ಪಂಪಿನಲ್ಲಿ ಸೇಬು, ಜೋಳ ಒಣಗಿವೆ ಅಂತ ಅವರು ಮೊದಲನೇ ಪೋಸ್ಟಲ್ಲೇ ಬರೆದಿದ್ದಾರೆ.

ಹುಳಿಸಾರು ಅವರೇ, ‘ಮಾಮೂಲಿ’ ಅಂದ್ರೆ ಏನು? ಪಾತ್ರೆಗೆ ಏನೇನು ಬಿತ್ತು, ಗ್ರಾಂ ಲೆಕ್ಕದಲ್ಲಿ ಹೇಳಿ. ತಟ್ಟೆಗೆ ಎಷ್ಟು ತೂಕ ಸುರಿದಿರಿ? ಬಿಸಿಯೋ, ಗಟ್ಟಿ ಮಾಡಿಯೋ?

ಹುಳಿಸಾರು_88 · ರಾತ್ರಿ 9:10
ಇದು ಗೊತ್ತಿರೋದೇ ಅಲ್ವಾ ಅಂತ ಬರೀಲಿಲ್ಲ ಅಕ್ಕ. ಒಟ್ಟು ಐದೂವರೆ ಕಿಲೊ ಚಿಲ್ಲರೆ. ತೊಗರಿಬೇಳೆ 500, ಟೊಮೇಟೊ 1 ಕಿಲೊ, ಹುಣಸೆಹಣ್ಣು 100, ಬೆಲ್ಲ 200, ಸಾರಿನಪುಡಿ 60, ಉಪ್ಪು, ತುಪ್ಪದ ಒಗ್ಗರಣೆ ಐದಾರು ಚಮಚ. ತಟ್ಟೆಗೆ 1,400 ಗ್ರಾಂ, ಅಂಚಿನವರೆಗೆ. ಉಗುರು ಬೆಚ್ಚಗಿರುವಾಗ ಮಷೀನಿಗೇ ಇಟ್ಟೆ, ಅದೇ ಫ್ರೀಜ್ ಮಾಡುತ್ತಲ್ಲ.

ಒಗ್ಗರಣೆ_ಅಕ್ಕ · ರಾತ್ರಿ 9:52
ಬೆಲ್ಲ 200, ತುಪ್ಪ ಐದಾರು ಚಮಚ, ತಟ್ಟೆ ತುಂಬ ಸಾರು. ಇನ್ನು ಪಂಪು ಪಾಪ ಏನು ಮಾಡೀತು!

ಮೊದಲು ಬೆಲ್ಲ. ಸಾರು ಹೆಪ್ಪುಗಟ್ಟುವಾಗ ನೀರು ಹರಳಾಗಿ ಬೇರೆಯಾಗುತ್ತೆ, ಸಕ್ಕರೆ, ಹುಳಿ, ಉಪ್ಪು ಎಲ್ಲ ಹರಳುಗಳ ಸಂದಿಯಲ್ಲಿ ಪಾಕವಾಗಿ ಉಳಿಯುತ್ತೆ. ಆ ಪಾಕವೂ ಗಾಜಿನ ಹಾಗೆ ಗಟ್ಟಿಯಾಗಬೇಕಾದ್ರೆ ಬರೀ ಸಕ್ಕರೆಯದ್ದಾದ್ರೆ ಮೈನಸ್ 32 ಡಿಗ್ರಿ ಬೇಕು. ಗ್ಲೂಕೋಸ್, ಫ್ರುಕ್ಟೋಸ್ ಆದ್ರೆ ಮೈನಸ್ 40ಕ್ಕಿಂತ ಕೆಳಗೆ. ಬೆಲ್ಲದಲ್ಲಿ, ಹುಣಸೆಯಲ್ಲಿ, ಟೊಮೇಟೊದಲ್ಲಿ ಈ ಎರಡೂ ಇವೆ. ಮನೆ ಮಷೀನು ಅಲ್ಲಿಯವರೆಗೆ ಇಳಿಯಲ್ಲ. ನಿಮ್ಮ ತಟ್ಟೆ ಕೈಗೆ ಕಲ್ಲಿನ ಹಾಗಿದ್ರೂ ಒಳಗೆ ಪಾಕ ಜೀವಂತ ಇರುತ್ತೆ. ವ್ಯಾಕ್ಯೂಮ್ ಎಳೆದು ತಟ್ಟೆ ಬಿಸಿಯಾದ ಕೂಡಲೇ ಅದು ಗುಳ್ಳೆ ಎದ್ದು ಉಕ್ಕುತ್ತೆ. ಚೇಂಬರಿಗೆ ಸಿಡಿದದ್ದು ಅದೇ. ಪಂಪು ಕೆಟ್ಟಿದ್ರೂ ಮಂಜು ಕರಗಿ ಉಕ್ಕಬಹುದು, ಆದ್ರೆ ಆಗ ಅಂಚೂ ಹಸಿ ಇರ್ತಿತ್ತು.

ಉಕ್ಕಿದ ಪಾಕ ಮೇಲೆ ಪದರ ಕಟ್ಟುತ್ತೆ, ತುಪ್ಪ ಅದರ ಮೇಲೆ ಇನ್ನೊಂದು ಪದರ. ತುಪ್ಪ ಎಷ್ಟು ಗಂಟೆ ಇಟ್ರೂ ಒಣಗೋ ವಸ್ತುವೇ ಅಲ್ಲ. ಈಗ ನಡುವಿನ ಆವಿಗೆ ದಾರಿ ಇಲ್ಲ. ಮಷೀನು ಒಣಗಿದೆಯೋ ಇಲ್ಲವೋ ಅಂತ ತಿಳಿಯೋದು ಒತ್ತಡ ನೋಡಿ. ಆವಿ ಬರದಿದ್ರೆ ಒತ್ತಡ ಇಳಿಯುತ್ತೆ, ‘ಮುಗಿಯಿತು’ ಅನ್ನುತ್ತೆ. ಅದು ಸುಳ್ಳು ಹೇಳ್ತಿಲ್ಲ, ಮೋಸ ಹೋಗ್ತಿದೆ.

ಮೂರನೇದು ಭಾರ. ಈ ಅಳತೆಯ ಮಷೀನಿಗೆ ಹಸಿ ಪದಾರ್ಥ ಮೂರೂಕಾಲರಿಂದ ನಾಲ್ಕೂವರೆ ಕಿಲೊ ಸಾಕು. ಐದೂವರೆ ಕಿಲೊ ತೆಳ್ಳನೆ ಸಾರು ಅಂದ್ರೆ ನಾಲ್ಕೂವರೆ ಲೀಟರಿಗೂ ಹೆಚ್ಚು ನೀರು ಚೇಂಬರಿನ ತಣ್ಣನೆ ಗೋಡೆಯ ಮೇಲೆ ಮಂಜಾಗಿ ಕೂರಬೇಕು. ಮಂಜು ದಪ್ಪ ಆದಷ್ಟೂ ಅದರ ಮೇಲ್ಮೈ ಬೆಚ್ಚಗಾಗುತ್ತೆ, ಉಳಿದ ಆವಿ ಪಂಪಿಗೆ ಹೋಗುತ್ತೆ. ನಿಮ್ಮ ಆಯಿಲ್ ಮಂಕಾಗಿದ್ದು ಅದಕ್ಕೇ. ಗೌಡ್ರು ಕಂಡದ್ದು ಫಲ, ಕಾರಣ ಅಲ್ಲ.

ಭಟ್ರ_ಬೀಕರ್ · ರಾತ್ರಿ 10:08
ಒಂದು ಪ್ರಶ್ನೆ. ಸೇಬಿನಲ್ಲಿಯೂ ನೂರಕ್ಕೆ ಹತ್ತರಷ್ಟು ಸಕ್ಕರೆ ಇದೆಯಲ್ಲ, ಅದೇಕೆ ಉಕ್ಕುವುದಿಲ್ಲ?

ಒಗ್ಗರಣೆ_ಅಕ್ಕ · ರಾತ್ರಿ 10:15
ಸೇಬಿಗೆ ಜೀವಕೋಶದ ಗೋಡೆ ಇದೆ ಭಟ್ರೆ. ಪಾಕ ಮೆತ್ತಗಾದ್ರೂ ಗೋಡೆ ಹಿಡಿದು ನಿಲ್ಲಿಸುತ್ತೆ. ಹೋಳೂ ತೆಳು, ನಾಲ್ಕೂ ಕಡೆಯಿಂದ ಆವಿ ಹೋಗುತ್ತೆ. ಅದೇ ಸೇಬನ್ನ ರಸ ಮಾಡಿ ತಟ್ಟೆಗೆ ಸುರಿದು ನೋಡಿ.

ಪಂಪ್_ಗೌಡ · ರಾತ್ರಿ 10:20
ಆದ್ರೂ ಆಯಿಲ್ ಬದಲಾಯಿಸಿದ್ದು ಒಳ್ಳೇದೇ ಆಯ್ತು.

ಹುಳಿಸಾರು_88 · ರಾತ್ರಿ 10:24
ಬೆಲ್ಲ ಇಲ್ದೆ ಸಾರು ಮಾಡೋದು ಹೇಗಕ್ಕ? ಇರೋ ಅಂಟಿನದ್ದನ್ನ ಚೀಲಕ್ಕೆ ಹಾಕಿ ಆಕ್ಸಿಜನ್ ಅಬ್ಸಾರ್ಬರ್ (ಆಮ್ಲಜನಕ ಹೀರೋ ಪೊಟ್ಟಣ) ಇಟ್ರೆ ನಡೆಯುತ್ತಾ?

ಒಗ್ಗರಣೆ_ಅಕ್ಕ · ರಾತ್ರಿ 10:50
ಬೇಡ, ಖಂಡಿತ ಬೇಡ. ತೇವ ಉಳಿದಿರೋದನ್ನ ಆಮ್ಲಜನಕ ಇಲ್ಲದ ಚೀಲದಲ್ಲಿ ಕೋಣೆಯ ಶಾಖದಲ್ಲಿಟ್ರೆ ಬಾಟುಲಿಸಂ ಅನ್ನೋ ಮಾರಕ ಆಹಾರವಿಷಕ್ಕೆ ಹಾಸಿಗೆ ಹಾಸಿ ಕೊಟ್ಟ ಹಾಗೆ. ಫ್ರೀಜ್ ಡ್ರೈ ಮಾಡೋದ್ರಿಂದ ಕ್ರಿಮಿ ಸಾಯಲ್ಲ, ನಿದ್ದೆ ಮಾಡುತ್ತೆ ಅಷ್ಟೆ. ಹುಣಸೆ ಹಾಕಿದೆ, ಹುಳಿ ಕಾಪಾಡುತ್ತೆ ಅನ್ನಬೇಡಿ. ಬೇಳೆ ಹುಳಿಯನ್ನ ತಗ್ಗಿಸುತ್ತೆ, ಮೀಟರಿನಲ್ಲಿ ಅಳೆಯದೆ ಪಿಎಚ್ (ಹುಳಿಯ ಅಳತೆ) ಆ ಕ್ರಿಮಿಯನ್ನ ತಡೆಯೋ 4.6ಕ್ಕಿಂತ ಕೆಳಗಿದೆ ಅಂತ ನಂಬೋ ಹಾಗಿಲ್ಲ. ಆ ಅಂಟನ್ನ ಫ್ರೀಜರಿನಲ್ಲಿಡಿ, ಬೇಕಾದಾಗ ನೀರು ಹಾಕಿ ಚೆನ್ನಾಗಿ ಕುದಿಸಿ ಉಣ್ಣಿ.

ಮುಂದಿನ ಬ್ಯಾಚು ಹೀಗೆ ಮಾಡಿ. ಬೆಲ್ಲವೂ ಒಗ್ಗರಣೆಯೂ ಉಣ್ಣೋ ದಿನ ಹಾಕಿದ್ರೆ ಸಾಕು. ಬೇಳೆ ಬೇಯಿಸುವಾಗ ಹಾಕೋ ಒಂದು ಚಮಚ ಎಣ್ಣೆಯೂ ಬೇಡ, ಅದು ಅಭ್ಯಾಸಬಲದಿಂದ ಬಿದ್ದುಹೋಗುತ್ತೆ, ವರ್ಷ ಕಳೆದ ಮೇಲೆ ಕಮಟು ವಾಸನೆ ಬರೋದು ಅದರಿಂದ್ಲೇ. ಬೇಳೆ ನುಣ್ಣಗೆ ಕಡೆದು, ಸಾರು ಸ್ವಲ್ಪ ಗಟ್ಟಿಯಾಗೇ ಇರಲಿ. ಬೇಳೆಯ ಪಿಷ್ಟವೇ ಹುಣಸೆಯ ಪಾಕಕ್ಕೆ ಊರುಗೋಲು. ತಟ್ಟೆಗೆ 900 ಗ್ರಾಂ, ಹನ್ನೊಂದು ಮಿಲಿಮೀಟರ್ ಆಗುತ್ತೆ, ಕಿರುಬೆರಳಿನ ದಪ್ಪ. ಡೀಪ್ ಫ್ರೀಜರಿನಲ್ಲಿ ಮಟ್ಟವಾಗಿ 24 ಗಂಟೆ. ನಿಧಾನ ಹೆಪ್ಪುಗಟ್ಟಿದ್ರೆ ಹರಳು ದೊಡ್ಡದು, ಅದು ಹೋದ ಜಾಗದ ತೂತೂ ದೊಡ್ಡದು, ಆವಿಗೆ ಸಲೀಸು. ಮಷೀನಿಗೆ ಇಡೋ ಮುಂಚೆ ಮೇಲ್ಪದರವನ್ನ ಫೋರ್ಕಿನಿಂದ ಉದ್ದಕ್ಕೂ ಅಡ್ಡಕ್ಕೂ ಗೀರಿ. ಮಷೀನನ್ನ ಖಾಲಿಯಾಗೇ ತಣ್ಣಗೆ ಮಾಡಿಟ್ಟಿರಿ. ತಟ್ಟೆಯ ಬಿಸಿ ಮಾಮೂಲಿ 52ರ ಬದಲು 40 ಡಿಗ್ರಿ.

ಕೊನೆಗೆ ತಕ್ಕಡಿ. ‘ಮುಗಿಯಿತು’ ಅಂದಾಗ ಪ್ರತಿ ತಟ್ಟೆ ತೂಗಿ ಬರೆದುಕೊಳ್ಳಿ, ಮತ್ತೆರಡು ಗಂಟೆ ಒಣಗಿಸಿ, ಮತ್ತೆ ತೂಗಿ. ತಟ್ಟೆಗೆ ಎರಡು ಗ್ರಾಂಗಿಂತ ಹೆಚ್ಚು ಇಳಿದಿದ್ರೆ ಇನ್ನೂ ಎರಡು ಗಂಟೆ. ತೂಗುವಾಗ ತಟ್ಟೆ ಬೆಚ್ಚಗಿರಲಿ. ತಣ್ಣನೆ ತಟ್ಟೆ ಹೊರಗೆ ತೆಗೆದ್ರೆ ಗಾಳಿಯ ತೇವ ಹೀರಿ ತೂಕವೂ ತಪ್ಪು, ಸಾರೂ ಮೆತ್ತಗೆ.

ಮೈಸೂರು_ಮೈಲಾರ್ · ಬುಧವಾರ, ಬೆಳಿಗ್ಗೆ 8:02
ಚೀಲದ ಬಗ್ಗೆ ನಾನೊಂದು ಸೇರಿಸ್ತೀನಿ. 7 ಮಿಲ್ (ಇಂಚಿನ ಸಾವಿರದಲ್ಲಿ ಏಳು ಪಾಲು) ದಪ್ಪದ ಮೈಲಾರ್ ಪ್ಲಾಸ್ಟಿಕ್ ಚೀಲ, ಒಂದು ಲೀಟರಿನ ಚೀಲಕ್ಕೆ 300 ಸಿಸಿ ಅಬ್ಸಾರ್ಬರ್, ಜೊತೆಗೆ ಸಿಲಿಕಾ ಜೆಲ್ ಒಂದು ಪೊಟ್ಟಣ.

ಡೆನ್ವರ್_ಡಬ್ಬಿ · ಬೆಳಿಗ್ಗೆ 8:30
ಎರಡೂ ಒಟ್ಟಿಗೆ ಹಾಕಬಾರದು. ಅಬ್ಸಾರ್ಬರಿನ ಕಬ್ಬಿಣದ ಪುಡಿ ತುಕ್ಕು ಹಿಡಿದೇ ಆಮ್ಲಜನಕ ತಿನ್ನೋದು, ಅದಕ್ಕೆ ಸ್ವಲ್ಪ ತೇವ ಬೇಕು. ಸಿಲಿಕಾ ಅದನ್ನೂ ಕುಡಿದುಬಿಡುತ್ತೆ.

ಮೈಸೂರು_ಮೈಲಾರ್ · ಬೆಳಿಗ್ಗೆ 8:41
ಮಳೆಗಾಲದಲ್ಲಿ ಚೀಲ ತುಂಬೋವಷ್ಟರಲ್ಲೇ ಸಾರು ತೇವ ಎಳ್ಕೊಳ್ಳುತ್ತೆ. ನಿಮ್ಮ ಕೊಲರಾಡೊ ಒಣಹವೆಯ ಲೆಕ್ಕ ಇಲ್ಲಿ ನಡೆಯಲ್ಲ. ಸೈನ್ಯದ ಊಟದ ಸಂಶೋಧನೆಗೆ ಅಂತಲೇ 1961ರಲ್ಲಿ ಡಿಎಫ್‌ಆರ್‌ಎಲ್ ಪ್ರಯೋಗಾಲಯ ಶುರುವಾದ ಊರು ನಮ್ದು.

ಡೆನ್ವರ್_ಡಬ್ಬಿ · ಬೆಳಿಗ್ಗೆ 8:44
ಅದಕ್ಕೂ ನಿಮ್ಮ ಸಿಲಿಕಾಗೂ ಏನು ಸಂಬಂಧ?

ಭಟ್ರ_ಬೀಕರ್ · ಬೆಳಿಗ್ಗೆ 9:15
ಈ ಬಾರಿ ಡೆನ್ವರಿನವರ ಮಾತು ಸರಿ. ಸಾರು ಒಣಗಿದ್ದರೆ ಸಿಲಿಕಾ ಬೇಡ, ಒಣಗದಿದ್ದರೆ ಸಿಲಿಕಾ ಕಾಪಾಡದು. ತೇವದ ಊರಿನಲ್ಲಿ ಒಂದೊಂದೇ ತಟ್ಟೆ ಹೊರಗೆ ತೆಗೆದು, ತುಂಬಿಸಿ, ಸೀಲ್ ಮಾಡಿ, ಆಮೇಲೆ ಮುಂದಿನದು.

ಹುಳಿಸಾರು_88 · ಮುಂದಿನ ಮಂಗಳವಾರ, ರಾತ್ರಿ 9:30
ಅಕ್ಕ, ಮೂರು ತಟ್ಟೆ ಪಾಸು! ಹಾಕಿದ್ದು 900, ಬಂದದ್ದು 116. ಎರಡು ಗಂಟೆ ಬಿಟ್ಟು ತೂಗಿದ್ರೂ 116. ಚೂರು ಮಾಡಿದ್ರೆ ರವೆ ಥರ ಉದುರುತ್ತೆ. 784 ಎಂಎಲ್ ನೀರು ಅಂತ ಚೀಲದ ಮೇಲೇ ಬರೆದಿಟ್ಟೆ. ನಾಲ್ಕನೇ ತಟ್ಟೆ ಮಾತ್ರ ಪ್ರತಿ ಸಲ 6 ಗ್ರಾಂ ಇಳೀತಾನೇ ಇದೆ, ನಡುವೆ ಅಂಟು.

ಪಂಪ್_ಗೌಡ · ರಾತ್ರಿ 9:33
ಹೋಸ್ ಒಂದ್ಸಲ ನೋಡಿ ಅಂದಿದ್ದೆ.

ಒಗ್ಗರಣೆ_ಅಕ್ಕ · ರಾತ್ರಿ 9:40
ನಾಲ್ಕನೇದಕ್ಕೆ ಏನು ಹಾಕಿದ್ರಿ?

ಹುಳಿಸಾರು_88 · ರಾತ್ರಿ 9:58
ಒಂದೇ ಒಂದು ಅಚ್ಚು ಬೆಲ್ಲ. ಸುಮ್ನೆ ನೋಡೋಣ ಅಂತ.

ಕೋಳಿಸಾರು_ಕೋಲಾರ · ಗುರುವಾರ, ಮಧ್ಯಾಹ್ನ 1:17
ಇದೇ ಅಳತೆಯಲ್ಲಿ ನಾಟಿಕೋಳಿ ಸಾರು ನಡೆಯುತ್ತಾ? ಕಾಯಿ ರುಬ್ಬಿ ಹಾಕಿದೀನಿ. ಮಷೀನು ಆನ್ ಆಗಿದೆ, ಬೇಗ ಹೇಳಿ.