ಆಂಗ್ರ್‌ನ ಭಾವಚಿತ್ರವನ್ನು ನಕಲು ಮಾಡುವಾಗ ಮುಖ ನಿರ್ಜೀವವಾಗುತ್ತಿದೆ, ಎಲ್ಲಿ ತಪ್ಪುತ್ತಿದ್ದೇನೆ?

ಪ್ರಶ್ನೆ (ಕುವೆಂಪುನಗರ, ಮೈಸೂರು)

ನಮಸ್ಕಾರ. ಕೆಲಸದಿಂದ ಬಂದ ಮೇಲೆ ಸಂಜೆಯ ಹೊತ್ತು ತೈಲವರ್ಣದಲ್ಲಿ ಭಾವಚಿತ್ರ ಬರೆಯುವುದನ್ನು ನಾನಾಗಿಯೇ ಕಲಿಯುತ್ತಿದ್ದೇನೆ. ಜಗನ್ಮೋಹನ ಅರಮನೆಯಲ್ಲಿ ರವಿವರ್ಮನ ಚಿತ್ರಗಳನ್ನು ನೋಡುತ್ತ ಬೆಳೆದವಳಾದ್ದರಿಂದ ನಯವಾಗಿ ಮೂಡಿದ ಮುಖವೆಂದರೆ ನನಗೆ ಮೊದಲಿನಿಂದಲೂ ಆಸೆ. ಹಾಗಾಗಿ ಫ್ರೆಂಚ್ ಚಿತ್ರಕಾರ ಆಂಗ್ರ್ 1806ರಲ್ಲಿ ಬರೆದ, ಈಗ ಪ್ಯಾರಿಸ್ಸಿನ ಲೂವ್ರ್ ಸಂಗ್ರಹಾಲಯದಲ್ಲಿರುವ ಕುಮಾರಿ ರಿವಿಯೇರ್‌ಳ ಭಾವಚಿತ್ರವನ್ನು ಆರಿಸಿಕೊಂಡೆ. ಚೌಕುಳಿ ಎಳೆದು ರೇಖೆಗಳನ್ನು ಇಳಿಸಿದಾಗ ಹೋಲಿಕೆ ಚೆನ್ನಾಗಿಯೇ ಬಂದಿತ್ತು. ಆದರೆ ಬಣ್ಣ ಹಚ್ಚಿ ಮೆತ್ತನೆಯ ಬ್ರಷ್ಷಿನಿಂದ ಸವರುತ್ತ ಹೋದಂತೆ ಮುಖ ಸುಣ್ಣ ಬಳಿದ ಗೋಡೆಯಂತಾಯಿತು. ನೆರಳಿಗೆ ಕಪ್ಪು, ಬೆಳಕಿಗೆ ಟೈಟಾನಿಯಂ ಬಿಳಿ ಬೆರೆಸುತ್ತಿದ್ದೇನೆ. ಮೂರು ಸಲ ಒರೆಸಿ ಬರೆದರೂ ಫಲ ಒಂದೇ. ತಿಳಿದವರು ದಯವಿಟ್ಟು ದಾರಿ ತೋರಿಸಬೇಕು.

ಉತ್ತರ (ನಿವೃತ್ತ ಚಿತ್ರಕಲಾ ಶಿಕ್ಷಕ, ಮಂಡ್ಯ)

ಅಮ್ಮ, ನಿಮ್ಮ ಕೈಯಲ್ಲಿ ದೋಷವಿಲ್ಲ, ಆರಿಸಿಕೊಂಡ ಚಿತ್ರ ಹೊಸಬರಿಗೆ ಬಹಳ ಕಠಿಣವಾದದ್ದು. ಆ ಹುಡುಗಿಯ ಮುಖದ ಮೇಲೆ ಬೆಳಕು ಎದುರಿನಿಂದ ಬೀಳುವುದರಿಂದ ಗಾಢವಾದ ನೆರಳೇ ಇಲ್ಲ. ಕೆನ್ನೆ, ಗಲ್ಲ, ಕತ್ತುಗಳೆಲ್ಲ ಕೂದಲೆಳೆಯಷ್ಟು ವ್ಯತ್ಯಾಸದ ಅರೆನೆರಳಿನಿಂದಲೇ ದುಂಡಗಾಗಿವೆ. ಸಾಲದ್ದಕ್ಕೆ ಚಿತ್ರ ಪೂರ್ತಿ ಮುಗಿದಿದೆ, ಅದು ಹೇಗೆ ಆಯಿತೆಂಬುದನ್ನು ಆಂಗ್ರ್ ಎಲ್ಲಿಯೂ ಬಿಟ್ಟುಕೊಟ್ಟಿಲ್ಲ. ಅವನ ಗುರು ದಾವೀದ್ 1794ರಲ್ಲಿ ಸೆರೆಯಲ್ಲಿದ್ದಾಗ ಬರೆದ ಸ್ವಂತ ಭಾವಚಿತ್ರವನ್ನು ಮೊದಲು ನಕಲು ಮಾಡಿ. ಅದರಲ್ಲಿ ಕುಂಚದ ನಡೆ ಕಾಣುತ್ತದೆ, ಹಿನ್ನೆಲೆಯನ್ನು ತೆಳುವಾಗಿ ಉಜ್ಜಿ ಬಿಟ್ಟಿರುವುದೂ ಕಾಣುತ್ತದೆ. ಅದೇ ದಾವೀದ್ 1800ರಲ್ಲಿ ಅರ್ಧಕ್ಕೆ ಬಿಟ್ಟ ಮದಾಮ್ ರೆಕಾಮಿಯೇಳ ಚಿತ್ರವನ್ನೂ ಪಕ್ಕದಲ್ಲಿಟ್ಟುಕೊಂಡರೆ ತೆಳುವಾದ ಕಂದು ಪದರದ ಮೇಲೆ ಕೆಲಸ ಹೇಗೆ ಏರುತ್ತದೆಂಬುದು ಅರ್ಥವಾಗುತ್ತದೆ.

ಇನ್ನು ಸುಣ್ಣದ ವಿಷಯ. ಅವರಿಬ್ಬರ ಕಾಲದಲ್ಲಿ ಇದ್ದದ್ದು ಸೀಸದ ಬಿಳಿ. ಟೈಟಾನಿಯಂ ಬಿಳಿ ಬಂದದ್ದು 20ನೆಯ ಶತಮಾನದಲ್ಲಿ, ಅದರ ಬಲ ಬಹಳ ಹೆಚ್ಚು. ಒಂದು ಚಿಟಿಕೆ ಹೆಚ್ಚಾದರೂ ಮೈಬಣ್ಣ ತಣ್ಣಗಾಗಿ ಬಿಳಚಿಕೊಳ್ಳುತ್ತದೆ. ನೆರಳಿಗೆ ಬಿಳಿಯನ್ನು ಸೇರಿಸಲೇಬೇಡಿ. ಹಳದಿ ಓಕರ್, ಬರ್ನ್ಟ್ ಸಿಯೆನಾ, ಅಂಬರ್ ಎಂಬ ಮಣ್ಣಿನ ಬಣ್ಣಗಳಲ್ಲಿಯೇ ಅದನ್ನು ಕಟ್ಟಿ. ಬೆಳಕು, ಅರೆನೆರಳು, ನೆರಳು ಮೂರನ್ನೂ ಪ್ಯಾಲೆಟ್ಟಿನ ಮೇಲೆಯೇ ಕಲಸಿಕೊಂಡು, ಅಕ್ಕಪಕ್ಕ ಇಟ್ಟು, ಅವು ಕೂಡುವ ಗಡಿಯಲ್ಲಿ ಮಾತ್ರ ಒಣ ಬ್ರಷ್ಷಿನಿಂದ ಒಮ್ಮೆ ಸವರಿ ಕೈ ತೆಗೆಯಿರಿ. ಮುಖವನ್ನು ಕೊಲ್ಲುವುದು ಎರಡನೆಯ ಸವರಿಕೆ.

ಉತ್ತರ (ಚಿತ್ರಕಲಾ ವಿದ್ಯಾರ್ಥಿ, ಮೈಸೂರು)

ಮೇಷ್ಟ್ರ ಮಾತನ್ನು ಒಪ್ಪುತ್ತೇನೆ, ಆದರೆ ಆಂಗ್ರ್‌ನನ್ನು ಪೂರ್ತಿ ಬಿಡಬೇಡಿ ಎಂದು ನನ್ನ ವಿನಂತಿ. ಅದೇ ಮುಖವನ್ನು ಇದ್ದಿಲಿನಲ್ಲಿ ನಾಲ್ಕಾರು ಸಲ ಬರೆಯಿರಿ. ಅವನ ಶಕ್ತಿಯಿರುವುದು ರೇಖೆಯಲ್ಲಿ. ಮತ್ತೊಂದು ಮಾತು: ಮೂಲ ಚಿತ್ರ 100 ಸೆಂಟಿಮೀಟರ್ ಎತ್ತರವಿದೆ. ಅದನ್ನು ಸಣ್ಣ ಕ್ಯಾನ್ವಾಸಿಗೆ ಇಳಿಸಿದರೆ ಮುಖ ನಿಂಬೆಹಣ್ಣಿನಷ್ಟಾಗಿ, ಸವರದೆ ಬೇರೆ ದಾರಿಯೇ ಇರುವುದಿಲ್ಲ. ತಲೆಯನ್ನು ಮಾತ್ರ ತೆಗೆದುಕೊಂಡು ನಿಜವಾದ ಅಳತೆಗೆ ಹತ್ತಿರವಾಗಿ ಬರೆಯಿರಿ.

ಪ್ರಶ್ನೆ ಕೇಳಿದವರು

ಮೇಷ್ಟ್ರೇ, ಇಬ್ಬರಿಗೂ ಕೃತಜ್ಞತೆಗಳು. ನನ್ನ ಕ್ಯಾನ್ವಾಸಿನಲ್ಲಿ ಮುಖ ನಿಜಕ್ಕೂ ನಿಂಬೆಹಣ್ಣಿನಷ್ಟೇ ಇದೆ! ದಾವೀದ್‌ನಿಂದಲೇ ಆರಂಭಿಸುತ್ತೇನೆ. ಕೆಳಪದರಕ್ಕೆ ಯಾವ ಬಣ್ಣ ಸೂಕ್ತ, ಈ ಮಳೆಗಾಲದಲ್ಲಿ ಅದು ಒಣಗಲು ಎಷ್ಟು ದಿನ ಬಿಡಬೇಕು?

ಉತ್ತರ (ನಿವೃತ್ತ ಚಿತ್ರಕಲಾ ಶಿಕ್ಷಕ, ಮಂಡ್ಯ)

ರಾ ಅಂಬರನ್ನು ಟರ್ಪೆಂಟೈನಿನಲ್ಲಿ ತೆಳುವಾಗಿಸಿ ಹಚ್ಚಿ. ಅದರಲ್ಲಿರುವ ಮ್ಯಾಂಗನೀಸ್‌ನಿಂದಾಗಿ ಬೇಗ ಒಣಗುತ್ತದೆ. ಐವರಿ ಕಪ್ಪು ತೀರ ನಿಧಾನ, ಕೆಳಗೆ ಬೇಡ. ತೈಲವರ್ಣದಲ್ಲಿರುವ ಅಗಸೆ ಎಣ್ಣೆ ನೀರಿನಂತೆ ಆರುವುದಿಲ್ಲ, ಗಾಳಿಯ ಆಮ್ಲಜನಕವನ್ನು ಹೀರಿಕೊಂಡು ಗಟ್ಟಿಯಾಗುತ್ತದೆ. ಆದ್ದರಿಂದ ದಿನ ಎಣಿಸುವುದಕ್ಕಿಂತ ಬೆರಳಿಟ್ಟು ನೋಡಿ, ಅಂಟದಿದ್ದರೆ ಮುಂದಿನ ಪದರಕ್ಕೆ ಹೋಗಿ. ಮೇಲಿನ ಪದರದಲ್ಲಿ ಎಣ್ಣೆಯ ಅಂಶ ಕೆಳಗಿನದಕ್ಕಿಂತ ಹೆಚ್ಚಿರಲಿ, ಇಲ್ಲವಾದರೆ ಮುಂದೆ ಬಿರುಕು ಬಿಡುತ್ತದೆ. ಎಣ್ಣೆ ಒರೆಸಿದ ಬಟ್ಟೆಗಳನ್ನು ಮುದ್ದೆ ಮಾಡಿ ಮೂಲೆಗೆ ಹಾಕಬೇಡಿ, ಅವು ತಾವಾಗಿಯೇ ಬಿಸಿಯಾಗಿ ಹೊತ್ತಿಕೊಳ್ಳಬಲ್ಲವು. ನೀರಿನಲ್ಲಿ ಅದ್ದಿ ಹೊರಗೆ ಹರವಿಬಿಡಿ.