ಜ್ವರ ಬಿಟ್ಟ ಮೇಲೂ 14 ದಿನ ಪ್ರಿಮಾಕ್ವಿನ್ ನುಂಗಬೇಕೇ?

ಪ್ರಶ್ನೆ: ಮಂಗಳೂರಿನಲ್ಲಿ ಕಟ್ಟಡ ಕೆಲಸದ ಮೇಲ್ವಿಚಾರಣೆ ನೋಡಿಕೊಳ್ಳುವ ನನ್ನ ತಮ್ಮನಿಗೆ ವೈವಾಕ್ಸ್ ಮಲೇರಿಯಾ ತಗಲಿರುವುದು ರಕ್ತಪರೀಕ್ಷೆಯಲ್ಲಿ ಖಚಿತವಾಗಿದೆ. ಮೂರು ದಿನದ ಕ್ಲೋರೊಕ್ವಿನ್ ಮುಗಿಯುವಷ್ಟರಲ್ಲಿ ಜ್ವರ ಬಿಟ್ಟಿತು. ಪ್ರಿಮಾಕ್ವಿನ್ ನುಂಗಿದರೆ ಹೊಟ್ಟೆ ತೊಳಸುತ್ತದೆಂದು ಅದನ್ನು ಅರ್ಧಕ್ಕೇ ನಿಲ್ಲಿಸುವ ಯೋಚನೆಯಲ್ಲಿದ್ದಾನೆ. ಹಾಗೆ ಮಾಡಬಹುದೇ?

ಉತ್ತರ 1: ವೈದ್ಯರನ್ನು ಕೇಳದೆ ನಿಲ್ಲಿಸಲು ದಯವಿಟ್ಟು ಬಿಡಬೇಡಿ. ಕ್ಲೋರೊಕ್ವಿನ್ ರಕ್ತದಲ್ಲಿರುವ ರೋಗಾಣುಗಳನ್ನು ಕೊಲ್ಲುತ್ತದೆಯೇ ಹೊರತು ಯಕೃತ್ತಿನಲ್ಲಿ ಸುಪ್ತವಾಗಿ ಅಡಗಿರುವವುಗಳನ್ನು ಮುಟ್ಟುವುದಿಲ್ಲ. ಅವು ವಾರಗಳೋ ತಿಂಗಳುಗಳೋ ಕಳೆದ ಮೇಲೆ, ಹೊಸದಾಗಿ ಸೊಳ್ಳೆ ಕಚ್ಚದಿದ್ದರೂ, ಮತ್ತೆ ಚಳಿಜ್ವರ ತರಬಲ್ಲವು. ಅವನ್ನು ಕೊಲ್ಲುವುದಕ್ಕೆಂದೇ ಪ್ರಿಮಾಕ್ವಿನ್ ಕೊಡುವುದು. ಊಟವಾದ ಮೇಲೆ ಮಾತ್ರೆ ತೆಗೆದುಕೊಂಡರೆ ತೊಳಸು ಬಹುಮಟ್ಟಿಗೆ ತಗ್ಗುತ್ತದೆ.

ಉತ್ತರ 2: ಮೇಲಿನ ಮಾತು ಸರಿ, ಆದರೆ ಜಿ6ಪಿಡಿ (ಕೆಂಪು ರಕ್ತಕಣಗಳನ್ನು ಕಾಪಾಡುವ ಕಿಣ್ವ) ಪರೀಕ್ಷೆ ಆಗಿದೆಯೇ ಎಂದು ಮೊದಲು ವಿಚಾರಿಸಿ. ಆ ಕಿಣ್ವದ ಕೊರತೆಯುಳ್ಳವರಲ್ಲಿ ಪ್ರಿಮಾಕ್ವಿನ್ ಕೆಂಪು ರಕ್ತಕಣಗಳನ್ನು ಒಡೆಯಬಲ್ಲದು. ಮೂತ್ರ ಕಾಫಿ ಡಿಕಾಕ್ಷನ್ನಿನಂತೆ ಕಪ್ಪಾದರೆ, ಕಣ್ಣು ಹಳದಿಯಾದರೆ ಅಥವಾ ಏದುಸಿರು ಬಂದರೆ ಮಾತ್ರೆ ನಿಲ್ಲಿಸಿ ಕೂಡಲೇ ಆಸ್ಪತ್ರೆಗೆ ಹೋಗಬೇಕು. ಗರ್ಭಿಣಿಯರಿಗೂ ಹಸುಗೂಸುಗಳಿಗೂ ಈ ಔಷಧ ಸಲ್ಲದು. ಆದ್ದರಿಂದ ಮಿಕ್ಕ ಮಾತ್ರೆಗಳನ್ನು ಮನೆಯವರಿಗೆ ಹಂಚುವುದು ನಿಜಕ್ಕೂ ಅಪಾಯಕಾರಿ.

ಪ್ರಶ್ನೆ ಕೇಳಿದವರು: ಇಬ್ಬರಿಗೂ ಕೃತಜ್ಞತೆಗಳು. ಆ ಪರೀಕ್ಷೆ ಆಗಿಲ್ಲವಂತೆ. ಇಂದಿನ ಮಾತ್ರೆಗೆ ಮುಂಚೆಯೇ ವೈದ್ಯರನ್ನು ಕಾಣುತ್ತೇವೆ.