ಏಪ್ರಿಲ್ ಕೊನೆಯಲ್ಲಿ ಅರಾಂಬೋಲ್‌ನಲ್ಲಿ ಪ್ಯಾರಾಗ್ಲೈಡಿಂಗ್: ನಸುಕಿನಲ್ಲಿ ಹಾರುವುದು ಕ್ಷೇಮವೇ?

ಪ್ರಶ್ನೆ (ಟಿಳಕವಾಡಿ, ಬೆಳಗಾವಿ)

ನಾವು ನಾಲ್ವರು ಗೆಳೆಯರು ಏಪ್ರಿಲ್ ಕೊನೆಯ ವಾರ ಚೋರ್ಲಾ ಘಾಟ್ ಇಳಿದು ಗೋವಾದ ಅರಾಂಬೋಲ್‌ಗೆ ಹೋಗಿ, ಕಡಲಂಚಿನ ಗುಡ್ಡದಿಂದ ಪ್ಯಾರಾಗ್ಲೈಡಿಂಗ್ ಮಾಡಬೇಕೆಂದಿದ್ದೇವೆ. ಇಬ್ಬರು ಮಹಾರಾಷ್ಟ್ರದ ಕಾಮ್‌ಶೇತ್‌ನಲ್ಲಿ ಕಲಿತು ಸ್ವತಂತ್ರವಾಗಿ ಹಾರುವವರು; ಉಳಿದಿಬ್ಬರು ದಂಡೆಯಲ್ಲಿದ್ದು ನೋಡುವವರು. ಆದರೆ ಇಲ್ಲಿ ಈಗ ಮಧ್ಯಾಹ್ನದವರೆಗೆ ಸುಡುವ ಬಿಸಿಲು, ಸಂಜೆಯಾದರೆ ಗುಡುಗು ಮಳೆ. ಮೊಬೈಲ್ ಆ್ಯಪ್ ಮಧ್ಯಾಹ್ನದ ಗಾಳಿಯನ್ನು ‘12’ ಎಂದು ತೋರಿಸುತ್ತಿದೆ. ಅದರ ಗೊಡವೆಯೇ ಬೇಡವೆಂದು ನಸುಕಿನಲ್ಲೇ ಹಾರಿ ಮುಗಿಸಬಹುದೇ?

ಉತ್ತರ (ಖಾನಾಪುರ)

ದಯವಿಟ್ಟು ಬೇಡ. ರಾತ್ರಿ ನೆಲ ತಣ್ಣಗಾಗುವುದರಿಂದ ನಸುಕಿನಲ್ಲಿ ಗಾಳಿ ನೆಲದಿಂದ ಕಡಲಿನತ್ತ ಬೀಸುತ್ತದೆ. ಅದು ಗುಡ್ಡದ ನೆತ್ತಿ ದಾಟಿದೊಡನೆ ಕಡಲ ಕಡೆಯ ಇಳಿಜಾರಿನಲ್ಲಿ ಸುಳಿಸುಳಿಯಾಗಿ ಕೆಳಕ್ಕೆ ಬೀಳುತ್ತದೆ; ನೀವು ಗ್ಲೈಡರ್ (ಹಾರಲು ಬಳಸುವ ಬಟ್ಟೆಯ ರೆಕ್ಕೆ) ಎತ್ತಬೇಕಾದದ್ದು ಅದೇ ಜಾಗದಲ್ಲಿ. ಹಾರುವವರು ಇದನ್ನು ರೋಟರ್ ಎನ್ನುತ್ತಾರೆ. ಬಿಸಿಲೇರಿ ನೆಲ ಕಾದ ಮೇಲೆ ಕಡಲಿನಿಂದ ಬರುವ ಗಾಳಿ ಗುಡ್ಡಕ್ಕೆ ಬಡಿದು ಮೇಲೇರುತ್ತದೆ, ಆ ಏರುಗಾಳಿಯೇ ನಿಮ್ಮನ್ನು ಎತ್ತಿ ಹಿಡಿಯುವುದು. ಬೆಳಗಾವಿಯ ಬೆಳಗಿನ ತಂಪು ನೋಡಿ ಕಡಲ ಗಾಳಿಯನ್ನು ಅಳೆಯಲಾಗದು.

ಉತ್ತರ (ಬೈಲಹೊಂಗಲ)

ಖಾನಾಪುರದವರ ಮಾತು ಸರಿ. ಇನ್ನು ಆ ‘12’ ಯಾವ ಅಳತೆಯಲ್ಲಿದೆ ಎಂಬುದನ್ನು ಮೊದಲು ನೋಡಿರಿ. ಅದು ಕಡಲಯಾನದ ವೇಗದ ಅಳತೆಯಾದ ನಾಟ್ ಆಗಿದ್ದರೆ ಗಂಟೆಗೆ ಸುಮಾರು 22 ಕಿ.ಮೀ. ಆಯಿತು. ಕಲಿಕೆಯ ಗ್ಲೈಡರ್‌ಗಳು ಸಹಜವಾಗಿ ಗಂಟೆಗೆ 35ರಿಂದ 38 ಕಿ.ಮೀ. ವೇಗದಲ್ಲಷ್ಟೇ ಹಾರುವುದರಿಂದ, 22ರ ಗಾಳಿ, ಬೀಸು (ದಿಢೀರ್ ರಭಸ) ಬಂದಾಗ 35ಕ್ಕೆ ಏರಿದರೆ ನೀವು ನಿಂತಲ್ಲೇ ನಿಲ್ಲುತ್ತೀರಿ. ಗುಡ್ಡದ ನೆತ್ತಿಯ ಮೇಲೆ ಗಾಳಿ ಇನ್ನೂ ಬಿರುಸಾಗುವ ಕಾರಣ ಹಿಂದಕ್ಕೆ ತಳ್ಳಿಸಿಕೊಳ್ಳಲೂಬಹುದು. ಸರಾಸರಿಗಿಂತ ಬೀಸಿನ ವೇಗವೇ ಮುಖ್ಯ. ಕಡಲಿನ ಮೇಲೆ ಎಲ್ಲೆಡೆ ಬಿಳಿನೊರೆಯ ತಲೆಗಳು ಕಾಣಿಸಿದರೆ ಆ್ಯಪ್ ಏನೇ ಹೇಳಲಿ, ಹೊಸಬರು ಚೀಲ ಬಿಚ್ಚಬಾರದು.

ಉತ್ತರ (ಗೋಕಾಕ)

ಗುಡುಗಿನ ವಿಚಾರ ಹಾಗೆಯೇ ಉಳಿಯಿತು. ಘಟ್ಟದ ಮೇಲೆ ಕಟ್ಟಿದ ಮೋಡ ಸುರಿಯತೊಡಗಿದಾಗ ಅದರಿಂದ ಕೆಳಗಿಳಿಯುವ ತಣ್ಣನೆಯ ಗಾಳಿ ಮಳೆಗಿಂತ ಬಹಳ ಮುಂದೆ ಹರಡಿ, ಕೆಲವೇ ನಿಮಿಷಗಳಲ್ಲಿ ಕಡಲಗಾಳಿಯ ದಿಕ್ಕನ್ನೇ ತಿರುಗಿಸಬಲ್ಲದು. ಕಡಲಿಗೆ ಮುಖಮಾಡಿ ಹಾರುವವರ ಬೆನ್ನಿಗಿರುವುದು ಘಟ್ಟವಿರುವ ಇದೇ ಪೂರ್ವ ದಿಕ್ಕು. ಆದ್ದರಿಂದ ಹಾರದ ಇಬ್ಬರ ಕೈಗೆ ವಾಕಿಟಾಕಿ ಕೊಟ್ಟು ಘಟ್ಟದತ್ತ ಕಣ್ಣಿಡಲು ಹೇಳಿರಿ. ಫೋಟೊ ತೆಗೆಯುವುದು ಆಮೇಲಾದೀತು. ಪುಣೆಯ ಹವಾಮಾನ ಸಂಶೋಧನಾ ಸಂಸ್ಥೆ ಐಐಟಿಎಂ ರೂಪಿಸಿದ ‘ದಾಮಿನಿ’ ಆ್ಯಪ್ ಹತ್ತಿರದ ಸಿಡಿಲಿನ ಮುನ್ಸೂಚನೆ ಕೊಡುತ್ತದೆ. ಕಡಲಗಾಳಿ ಏಕಾಏಕಿ ಸತ್ತುಹೋದರೆ ಅದನ್ನು ವಿರಾಮವೆಂದು ತಿಳಿಯದೆ ಕೂಡಲೇ ಇಳಿಯಬೇಕು.

ಪ್ರಶ್ನೆ ಕೇಳಿದವರಿಂದ

ಮೂವರಿಗೂ ಧನ್ಯವಾದಗಳು. ನಸುಕಿನ ಯೋಚನೆ ಕೈಬಿಟ್ಟೆವು. ಅಕಸ್ಮಾತ್ ನೀರಿನಲ್ಲಿ ಇಳಿಯಬೇಕಾಗಿ ಬಂದರೆ? ಒಬ್ಬನಿಗೆ ಈಜು ಅಷ್ಟಾಗಿ ಬಾರದು.

ಉತ್ತರ (ಬೈಲಹೊಂಗಲ)

ಹಾಗಾದರೆ ಆತ ಕಡಲಂಚಿನಲ್ಲಿ ಒಂಟಿಯಾಗಿ ಹಾರುವುದು ಬೇಡ. ಹಾರ್ನೆಸ್‌ನ (ಹಾರುವವರು ಕಟ್ಟಿಕೊಂಡು ಕೂರುವ ಆಸನ) ಬೆನ್ನಿನಲ್ಲಿರುವ ದಪ್ಪ ಫೋಮ್ ತೇಲುತ್ತದೆ, ಆದರೆ ತೇಲುವಾಗ ಮುಖವನ್ನು ನೀರಿಗೆ ಒತ್ತುತ್ತದೆ; ಅಲೆ ಒಡೆಯುವ ಜಾಗದಲ್ಲಿ ಗ್ಲೈಡರ್‌ನೊಳಗೆ ನೀರು ತುಂಬಿ ದಾರಗಳು ಕಾಲಿಗೆ ಸುತ್ತಿಕೊಳ್ಳುತ್ತವೆ. ಈಜು ಬಲ್ಲವರೂ ಲೈಫ್ ಜಾಕೆಟ್ ತೊಟ್ಟು, ಹಾರ್ನೆಸ್‌ನ ಬಕಲ್ ಬಿಚ್ಚಿ ಹೊರಬರುವುದನ್ನು ನೆಲದ ಮೇಲೆ ರೂಢಿ ಮಾಡಿಕೊಂಡಿರಬೇಕು. ಕಡಲಿನ ಭರತದ (ಉಬ್ಬರದ) ಹೊತ್ತಿನಲ್ಲಿ ಇಳಿಯುವ ಮರಳು ಕಿರಿದಾಗುತ್ತದೆ, ಅದರ ವೇಳೆಯನ್ನು ಹೊರಡುವ ಮೊದಲೇ ನೋಡಿಕೊಳ್ಳಿರಿ.